ಎಂಟು ಕಂಬದ ಮೈದಾನ

ನಮ್ಮ ಸೋದರಮಾವ ಒಂದು ಪರದೇಶದ ಆಟವನ್ನು ಇಡೀ ಒಂದು ಊರಿಗೆ ತಪ್ಪಾಗಿ ಕಲಿಸಿದರು. ಆ ದೇಶದವರಿಗೆ ಈ ಸಂಗತಿ ಇಂದಿಗೂ ಗೊತ್ತಿಲ್ಲ. ಗೊತ್ತಾಗದಿರಲಿ ಎಂಬುದೇ ನನ್ನ ಆಸೆ.

ಊರು ಇರುವುದು ಹೆಬ್ಬಾಳದ ಕೆರೆ ದಾಟಿ ಯಲಹಂಕಕ್ಕೆ ಹೋಗುವ ದಾರಿಯಲ್ಲಿ. ಅಲ್ಲಿನ ಮೈದಾನದ ಚರಿತ್ರೆಯನ್ನು ಬರೆದುಕೊಡಿ ಎಂದು ಊರಿನವರು ಕೇಳಿದ್ದಾರೆ. ಪತ್ರಿಕೆಯಲ್ಲಿ ಕೆಲಸ ಮಾಡಿದವನು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಾನೆ ಎಂದು ಅವರ ನಂಬಿಕೆ. ಬರೆಯಲು ಕುಳಿತರೆ ಮೈದಾನಕ್ಕೆ ಚರಿತ್ರೆ ಎಂಬುದು ಪ್ರತ್ಯೇಕವಾಗಿ ಇಲ್ಲವೇ ಇಲ್ಲ. ಇರುವುದೆಲ್ಲ ಮಾವನ ಹಟ.

ಯುದ್ಧದ ಕಾಲದಲ್ಲಿ ಯಲಹಂಕದ ಕಡೆ ಬೀಡುಬಿಟ್ಟಿದ್ದ ಪರದೇಶದ ಸೈನಿಕರ ಪೈಕಿ ಕೆಲವರು ಆಸ್ಟ್ರೇಲಿಯಾದವರಂತೆ. ಮಾವ ಅವರ ಅಡುಗೆಮನೆಗೆ ತರಕಾರಿ ಹಾಕುತ್ತಿದ್ದರು. ಸಂಜೆಯ ಹೊತ್ತು ಅವರು ಆಡುತ್ತಿದ್ದ ಅವರದೇ ದೇಶದ ಫುಟ್‌ಬಾಲನ್ನು ಬೇಲಿಯ ಆಚೆ ನಿಂತು ನೋಡಿ ಕಲಿತರು. ಬೇಲಿಯ ಆಚೆಯಿಂದ ಎಷ್ಟು ಕಾಣುತ್ತದೋ ಅಷ್ಟನ್ನು ಕಲಿತರು, ಉಳಿದದ್ದನ್ನು ಊಹಿಸಿಕೊಂಡರು. ಸೈನಿಕರು ಹೋಗುವಾಗ ಮಾವನಿಗೆ ಒಂದು ಹಳೆಯ ಚೆಂಡನ್ನು ಕೊಟ್ಟು ಹೋದರು. ಅದು ದುಂಡಗಿರಲಿಲ್ಲ. ಬಾತುಕೋಳಿ ಮೊಟ್ಟೆಯ ಆಕಾರ.

ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿದ ಮೇಲೆ ಮಾವ ಊರ ಹೊರಗಿನ ಬಯಲಿನಲ್ಲಿ ಒಂದೊಂದು ತುದಿಗೆ ನಾಲ್ಕರಂತೆ ಎಂಟು ಸರ್ವೆ ಮರದ ಕಂಬಗಳನ್ನು ನೆಟ್ಟರು. ಆ ಆಟಕ್ಕೆ ಅಷ್ಟು ಬೇಕು. ಊರಿನವರಿಗೆ ಇದು ಹೇಗೆ ಗೊತ್ತಾಗಬೇಕು? ಕಂಬ ನೆಡುವುದನ್ನು ಕಂಡ ಹೆಂಗಸರು, "ಚಪ್ರ ಆಕ್ತವ್ರೆ, ಯಾರ್ ಮದ್ವೇನೋ" ಎಂದರು. ಮಾವನಿಗೆ ಆಗ ಮದುವೆಯಾಗಿರಲಿಲ್ಲ. ಸುದ್ದಿ ಬಾಗಲೂರಿನವರೆಗೂ ಹೋಯಿತು. ಅಲ್ಲಿಂದ ಒಂದು ಸಂಬಂಧ ಹುಡುಕಿಕೊಂಡು ಬಂತು. ಅದೇ ಬೇಸಿಗೆಯಲ್ಲಿ ಮದುವೆಯೂ ಆಯಿತು. ಎರಡಕ್ಕೂ ಸಂಬಂಧವಿಲ್ಲ ಎಂದು ಮಾವ ಹೇಳುತ್ತಿದ್ದರು. ಅತ್ತೆ ಅದನ್ನು ಕೇಳಿ ನಗುತ್ತಿದ್ದರು.

ಆಟದ ಲೆಕ್ಕ ಸುಲಭ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಹೋದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಕಂಬದ ಕಡೆ ಹೋದರೆ ಒಂದು. ತಪ್ಪಿದ್ದಕ್ಕೂ ಅಂಕ ಕೊಡುವ ಈ ಏರ್ಪಾಡು ಊರಿನ ಹುಡುಗರಿಗೆ ಬಹಳ ಹಿಡಿಸಿತು. ಮಾವ ಇದನ್ನೇ ವೇದಾಂತ ಮಾಡಿಕೊಂಡಿದ್ದರು. "ಬೇರೆ ಆಟದಲ್ಲೆಲ್ಲ ತಪ್ಪಿದ್ರೆ ತಪ್ಪಿದ್ದೇ. ತಪ್ಪಿದೋನ ಮುಖಾನೂ ನೋಡೋ ಆಟ ಇದೊಂದೇ ಕಣೋ" ಎಂದು ನನಗೆ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ನಪಾಸಾದ ಹುಡುಗರ ತಂದೆಯರಿಗೂ ಇದೇ ಮಾತು. ಅವರಿಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ಚೆಂಡು ಹರಿದಾಗ ಮಾವ ಅದನ್ನು ಯಶವಂತಪುರದ ಒಬ್ಬ ಚಪ್ಪಲಿ ಹೊಲಿಯುವವನಿಗೆ ಕೊಟ್ಟರು. ವಾರ ಬಿಟ್ಟು ಹೋಗಿ ನೋಡಿದರೆ ಚೆಂಡು ತೆಂಗಿನಕಾಯಿಗಿಂತ ದುಂಡಗಾಗಿದೆ! "ಏನಪ್ಪಾ ಇದು?" ಎಂದರೆ, "ಪಾಪ, ಅಮುಕಿ ಅಮುಕಿ ಸೊಟ್ಟ ಆಗೋಗಿತ್ತು ಸ್ವಾಮಿ. ಚರ್ಮ ಕತ್ತರಿಸಿ ಸರಿ ಮಾಡಿದೀನಿ. ಅದಕ್ಕೇನೂ ಕೊಡಬೇಡಿ" ಎಂದ. ಅಷ್ಟು ಪ್ರೀತಿಯಿಂದ ಮಾಡಿದ ಅನ್ಯಾಯಕ್ಕೆ ಬೈಯುವುದು ಹೇಗೆ? ಮಾವ ಚೆಂಡನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದು, ಅದರ ಮೇಲೆ ರಾಗಿ ಬೀಸುವ ಕಲ್ಲನ್ನು ಹೇರಿ ಇಟ್ಟರು. ಚೆಂಡು ಮತ್ತೆ ಉದ್ದವಾಗಲಿಲ್ಲ. ಒಡೆಯಿತು. ಆಮೇಲೆ ಬೇರೆಯವರಿಂದ ಹೊಸದನ್ನು ಹೊಲಿಸುವಾಗ ಮಾವ ಅಂಗಡಿಯ ಮುಂದೆಯೇ ಕುಳಿತು ಕಾವಲಿದ್ದರು.

ಇನ್ನು ಮುನಿಯಪ್ಪನವರ ವಿಷಯ. ಇವರು ಊರಿನ ಹಿರಿಯ ರೈತರು. ಮಾವ ಕಂಬ ನೆಟ್ಟ ಬಯಲು ಅದಕ್ಕೂ ಮೊದಲು ಊರಿನ ಕಣವಾಗಿತ್ತು. ಸುಗ್ಗಿಯಲ್ಲಿ ನೆಲಕ್ಕೆ ಸಗಣಿ ಸಾರಿಸಿ, ರಾಗಿ ತೆನೆ ಹರಡಿ, ಎತ್ತು ಕಟ್ಟಿ ತೆನೆಯ ಮೇಲೆ ಕಲ್ಲಿನ ಗುಂಡು ಉರುಳಿಸುತ್ತಿದ್ದರು. ಮೈದಾನ ಚೌಕವಾಗಿರದೆ ದುಂಡಗಿದ್ದುದೂ ಇದರಿಂದಲೇ. ಕಂಬ ಬಂದ ಮೇಲೂ ಅವರು ಒಕ್ಕಣೆ ನಿಲ್ಲಿಸಲಿಲ್ಲ. ವರ್ಷಕ್ಕೆ ಒಂದಷ್ಟು ವಾರ ಮೈದಾನ, ಕಣ ಎರಡೂ ಒಂದೇ ನೆಲದ ಮೇಲೆ ಇರಬೇಕಾಗುತ್ತಿತ್ತು.

ಜಗಳ ಕಾಲಿನದು. ಬೂಟು ಹಾಕದೆ ಯಾರೂ ತಮ್ಮ ಮೈದಾನಕ್ಕೆ ಇಳಿಯಬಾರದು ಎಂದು ಮಾವನ ಕಾನೂನು. ಕಣಕ್ಕೆ ಮೆಟ್ಟು ಹಾಕಿಕೊಂಡು ಇಳಿಯಬಾರದು ಎಂದು ಮುನಿಯಪ್ಪನವರ ಕಾನೂನು. ಅದು ಅವರ ತಾತನದೂ ಹೌದು.

"ಎಕ್ಕಡ ಬುಟ್ಟು ಬಾ ಗುಮಾಸ್ತಪ್ಪ. ರಾಗಿ ಅಂದ್ರೆ ಲಕ್ಷ್ಮಿ."

"ಇದು ಎಕ್ಕಡ ಅಲ್ಲ ಮುನಿಯಪ್ಪನೋರೇ, ಬೂಟು."

"ಲಕ್ಷ್ಮಿಗೆ ಅಷ್ಟೆಲ್ಲ ಗೊತ್ತಾಗಾಕಿಲ್ಲ, ಬುಡು."

ಮೈದಾನವನ್ನು ಕಣ ಎಂದವರು ಅದರ ಸುತ್ತ ಒಂದು ಸುತ್ತು ಓಡಬೇಕು ಎಂದು ಮಾವ ಶಿಕ್ಷೆ ಗೊತ್ತುಮಾಡಿದರು. ಮುನಿಯಪ್ಪನವರು ಮಾತಿಗೊಮ್ಮೆ ಕಣ ಎನ್ನುವವರು. ಆದರೆ ಬೆಳಗಿನಿಂದ ಸಂಜೆಯವರೆಗೆ ಎತ್ತಿನ ಹಿಂದೆ ಅವರು ಹೇಗೂ ಸುತ್ತುತ್ತಲೇ ಇದ್ದರು. ಶಿಕ್ಷೆ ಅದರಲ್ಲೇ ವಜಾ ಆಗುತ್ತಿತ್ತು.

ಹೀಗೆ ಐವತ್ತರ ದಶಕ ಕಳೆಯಿತು. ಅರವತ್ತರಲ್ಲಿ ಕಾರ್ಖಾನೆಗಳು ಬಂದವು. ನಾನು ಪತ್ರಿಕೆಗೆ ಸೇರಿದ ಹೊಸತು. ನಮ್ಮ ಬಯಲನ್ನು ಯಾವುದೋ ಕಾರ್ಖಾನೆಯ ಗೋಡೌನಿಗೆ ಕೊಡುತ್ತಾರೆ ಎಂದು ಸುದ್ದಿಯಾಯಿತು. ಮಾವ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ತಾಲ್ಲೂಕು ಕಚೇರಿಗೆ ಹೋದರು. ಜೊತೆಗೆ ನಾನೂ ಹೋದೆ.

ಅಲ್ಲಿನ ಅಧಿಕಾರಿ ಒಳ್ಳೆಯವರು. ಮಾವ ಹೇಳಿದ್ದನ್ನೆಲ್ಲ ಕೇಳಿಕೊಂಡರು. ಕೊನೆಗೆ, "ಆಟ ಸರಿ ರೀ. ಆಟ ಆಡೋ ಜಾಗ ಅಂದ್ರೆ ನಮ್ಮ ಲೆಕ್ಕದಲ್ಲಿ ಖಾಲಿ ಜಾಗ. ಊರಿನೋರು ಬೇರೆ ಏನಕ್ಕಾದರೂ ಉಪಯೋಗಿಸ್ತಾರಾ? ಏನಾದ್ರೂ ಇದ್ರೆ ಹೇಳಿ" ಎಂದು ಕೇಳಿದರು.

ಮುಳುಗುವವನಿಗೆ ಹಗ್ಗ ಎಸೆಯುವುದೆಂದರೆ ಇದೇ ಅಲ್ಲವೆ? ನಮ್ಮ ಮಾವ ಎದೆ ಸೆಟೆಸಿ ಹೇಳಿದರು: "ಇಲ್ಲ ಸ್ವಾಮಿ. ಬೇರೆ ಯಾವುದಕ್ಕೂ ಇಲ್ಲ. ಅದು ಶುದ್ಧ ಮೈದಾನ."

ನಾನು ಕೋಟಿನ ತುದಿ ಜಗ್ಗಿದೆ. ಪ್ರಯೋಜನವಾಗಲಿಲ್ಲ. ಅಧಿಕಾರಿ ನಿಟ್ಟುಸಿರು ಬಿಟ್ಟು, ಸೋಮವಾರ ಅಳತೆಯವರು ಬರುತ್ತಾರೆ ಎಂದರು. ಹೊರಗೆ ಬಂದ ಮೇಲೆ, "ಕಣ ಅಂದಿದ್ರೆ ಆಗ್ತಿತ್ತಲ್ಲ ಮಾವ" ಎಂದೆ.

"ಬಾಯಿಗೆ ಬರ್ಲಿಲ್ಲ ಕಣೋ" ಎಂದರು.

ಆ ವಿಷಯ ಮುನಿಯಪ್ಪನವರಿಗೆ ನಾನೇ ಹೇಳಿದೆ. ಅವರು ನಗುತ್ತಾರೋ, ಬೈಯುತ್ತಾರೋ ಎಂದು ಕಾದೆ. ಅವರು ಎರಡನ್ನೂ ಮಾಡದೆ ನೇರವಾಗಿ ಮಾವನ ಮನೆಗೆ ಬಂದು ಜಗಲಿಯ ಮೇಲೆ ಕುಳಿತರು.

"ಸಂಕ್ರಾಂತಿ ಕಳದ್ ಮ್ಯಾಕೆ ಕಣಕ್ಕಿಳೀಬೇಕು ಅಂತಿದ್ದೋ. ಇವತ್ತೇ ಸಾರಿಸ್ತೀವಿ. ಸೋಮ್ವಾರ ಅವ್ರು ಬಂದಾಗ ಒಕ್ಕಣೆ ನಡೀತಿರ್ತದೆ. ಒಕ್ಕೋ ಕಣದ ಮ್ಯಾಲೆ ಯಾವನೂ ಕೈಯಿಕ್ಕಾಕಿಲ್ಲ. ಆದ್ರೆ ಮೈದಾನ ಅಂತ ಏಳ್ಬಂದೋನು ನೀನು. ಕಣ ಅಂತ ನೀನೇ ಏಳ್ಬೇಕು."

ಮಾವ ಅವರ ಪಕ್ಕದಲ್ಲಿ ಕುಳಿತು, "ನಿಮಗೇನು ಮುನಿಯಪ್ಪನೋರೇ, ನಿಮ್ಮ ಹೊಲದಲ್ಲೇ ಒಂದು ಕಣ ಮಾಡ್ಕೋಬಹುದು. ನನ್ನ ಆಟಕ್ಕೆ ನೀವ್ಯಾಕೆ ಇಷ್ಟು ಒದ್ದಾಡ್ತೀರಿ?" ಎಂದರು.

"ಮಾಡ್ಕೋಬೌದು. ಒಬ್ನೇ ಒಕ್ಕಂಡ್ರೆ ಜಗಳಕ್ಕೆ ಯಾರ್‌ನ ಕರ್ಕಂಬರ್ಲಿ?"

ಸೋಮವಾರ ಅಳತೆಯ ಸರ್ವೆಯರೊಬ್ಬರು ಬಂದರು. ಸುಮಾರು ನನ್ನ ವಯಸ್ಸಿನವರು. ಕಾಲಿಗೆ ಪಾಲಿಶ್ ಮಾಡಿದ ಬೂಟು, ಹಿಂದೆ ಅಳತೆಯ ಸರಪಳಿ ಹೊತ್ತ ಇಬ್ಬರು ಆಳುಗಳು. ಮೈದಾನದ ತುಂಬ ತೆನೆ ಹರಡಿತ್ತು, ಎತ್ತುಗಳು ಸುತ್ತುತ್ತಿದ್ದವು, ಎರಡೂ ತುದಿಯ ಕಂಬಗಳ ನಡುವೆ ರಾಗಿ ಮೆದೆ ಎದ್ದು ನಿಂತಿತ್ತು. ಒಂದು ಪಕ್ಕದಲ್ಲಿ ತೂರಿದ ರಾಗಿಯ ರಾಶಿ, ಅದರ ನೆತ್ತಿಯ ಮೇಲೆ ಸಗಣಿಯ ಬೆನಕ, ಬೆನಕನಿಗೆ ಗರಿಕೆ.

"ಈ ಕಂಬ ಯಾಕೆ?"

"ಮೆದೆ ವಾಲ್ದಂಗೆ ಆಸ್ರೆ ಸಾಮಿ" ಎಂದರು ಮುನಿಯಪ್ಪನವರು.

"ಎಂಟು ಕಂಬಾನಾ?"

"ನಮ್ಮೂರಾಗೆ ಗಾಳಿ ವಸಿ ಜೋರು."

ಸರ್ವೆಯರು ಮೈದಾನದ ಅಂಚಿಗೆ ಮಾವ ಹಾಕಿಸಿದ್ದ ಬಿಳಿ ಗೆರೆಯನ್ನು ನೋಡಿದರು. "ಈ ಸುಣ್ಣ?"

"ಇರುವೆ ಬರ್ದಂಗೆ."

ಸರ್ವೆಯರು ಈಗ ಮಾವನ ಕಡೆ ತಿರುಗಿದರು. ಮಾವ ಗೆರೆಯ ಆಚೆ, ಅದೇ ಇಸ್ತ್ರಿ ಕೋಟಿನಲ್ಲಿ, ಬೂಟು ಹಾಕಿಕೊಂಡು ನಿಂತಿದ್ದರು. "ಕಚೇರಿಗೆ ಬಂದು ಶುದ್ಧ ಮೈದಾನ ಅಂದೋರು ನೀವೇ ಅಂತೆ. ಈಗ ನೀವೇ ಹೇಳಿ. ಇದು ಏನು?"

ಕಲ್ಲಿನ ಗುಂಡು ನಿಂತಿತು. ತೂರುತ್ತಿದ್ದ ಹೆಂಗಸರು ಮೊರ ಇಳಿಸಿದರು. ಇಷ್ಟು ವರ್ಷ ಯಾರು ಆಡಿದರೂ ಶಿಕ್ಷೆ ಹಾಕುತ್ತಿದ್ದ ಮಾತನ್ನು ಇವರು ತಮ್ಮ ಬಾಯಿಂದಲೇ ಹೇಳುತ್ತಾರೆಯೆ? ನನಗಂತೂ ನಂಬಿಕೆ ಇರಲಿಲ್ಲ.

ಮಾವ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು, ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಬೂಟನ್ನು ಗೆರೆಯ ಆಚೆ ಜೋಡಿಸಿಟ್ಟು, ಬಿಸಿಲು ಕಾಣದೆ ಬೆಳ್ಳಗಾಗಿದ್ದ ಪಾದಗಳನ್ನು ಸಗಣಿ ಸಾರಿಸಿದ ನೆಲದ ಮೇಲೆ ಇಟ್ಟರು.

"ಕಣ ಸ್ವಾಮಿ" ಎಂದರು. "ಮೊದಲಿಂದ್ಲೂ ಕಣವೇ. ನಾನು ಆಮೇಲೆ ಬಂದೋನು."

ಸರ್ವೆಯರು ಆ ಪಾದಗಳನ್ನು ನೋಡಿದರು. ರಾಶಿಯ ಮೇಲಿನ ಬೆನಕನನ್ನು ನೋಡಿದರು. ಆಮೇಲೆ ತಮ್ಮ ಪಾಲಿಶ್ ಬೂಟನ್ನೂ ಕಳಚಿ ಮಾವನ ಬೂಟಿನ ಪಕ್ಕದಲ್ಲಿಟ್ಟು ಒಳಗೆ ಬಂದು ರಾಶಿಗೆ ಕೈಮುಗಿದರು. ಆಳುಗಳು ಸರಪಳಿ ಬಿಚ್ಚಲು ಹೋದಾಗ, "ಬೇಡ ಇರ್ರಯ್ಯ. ಒಕ್ಕೋ ಕಣದ ಮೇಲೆ ಸರಪಳಿ ಎಳೆಸಿದೆ ಅಂತ ಗೊತ್ತಾದ್ರೆ ನಮ್ಮವ್ವ ಮನೆ ಒಳಗೇ ಬಿಡಲ್ಲ" ಎಂದರು. ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಮುನಿಯಪ್ಪನವರು ಅವರ ಟವೆಲ್ಲಿಗೆ ಒಂದು ಮೊರ ರಾಗಿ ಸುರಿದರು.

ಹೊರಡುವಾಗ ಸರ್ವೆಯರು ಮಾವನ ಹತ್ತಿರ ಬಂದು ದನಿ ತಗ್ಗಿಸಿದರು. "ಅಲ್ಲ ಸಾರ್, ಆ ಕಡೇ ಕಂಬಕ್ಕೆ ಚೆಂಡು ಬಡಿದ್ರೆ ಏನು ಲೆಕ್ಕ?"

"ಅದು ನನಗೂ ಗೊತ್ತಿಲ್ಲ" ಎಂದರು ಮಾವ. "ಬೇಲಿಯಿಂದ ಕಾಣ್ತಿರ್ಲಿಲ್ಲ."

ಗೋಡೌನು ತುಮಕೂರು ರಸ್ತೆಯ ಕಡೆ ಎಲ್ಲಿಗೋ ಹೋಯಿತು. ಕಚೇರಿಯಿಂದ ಖಚಿತವಾಗಿ ತಿಳಿದದ್ದು ಆಮೇಲೆ. ಆದರೆ ಸರ್ವೆಯರ ಸೈಕಲ್ಲು ಕೆರೆಯ ಏರಿ ದಾಟಿ ಮರೆಯಾದಾಗಲೇ ಊರಿಗೆಲ್ಲ ಗೊತ್ತಾಗಿಹೋಗಿತ್ತು. ಎದೆಯ ಮೇಲಿನ ಗುಂಡುಕಲ್ಲು ಇಳಿಸಿದಂತಾಯಿತು. ಹೆಂಗಸರು ತಡೆದುಕೊಂಡಿದ್ದ ನಗುವನ್ನೆಲ್ಲ ಒಟ್ಟಿಗೆ ನಕ್ಕರು. ಇರುವೆಯ ಮಾತನ್ನು ಮುನಿಯಪ್ಪನವರಿಂದ ಮತ್ತೆ ಮತ್ತೆ ಹೇಳಿಸಿದರು.

ಈ ಗಲಾಟೆಯಲ್ಲಿ ಮಾವನನ್ನು ಯಾರೂ ಗಮನಿಸಿರಲಿಲ್ಲ. ಅತ್ತೆ ಮುದ್ದೆ, ಸಾರು ಹೊತ್ತುಕೊಂಡು ಬಂದು ಹುಡುಕಿದರೆ ಅವರು ಕಣದ ನಟ್ಟನಡುವೆ, ಒಕ್ಕಿ ಗುಡ್ಡೆ ಹಾಕಿದ್ದ ಹುಲ್ಲಿನ ಮೇಲೆ ಬಿದ್ದು ನಿದ್ದೆ ಹೋಗಿದ್ದರು. ಇಸ್ತ್ರಿ ಕೋಟು, ಬರಿಗಾಲು, ತೆರೆದ ಬಾಯಿ. ನಾನು ಎಬ್ಬಿಸಲು ಹೋದೆ. ಅತ್ತೆ ನನ್ನ ತೋಳು ಹಿಡಿದು, "ಬೇಡ ಕಣಪ್ಪ. ಸುದ್ದಿ ಬಂದಾಗಿಂದ ಕಣ್ಣು ಮುಚ್ಚಿಲ್ಲ. ಮಲಗ್ಲಿ" ಎಂದು ಪಕ್ಕದಲ್ಲಿ ಕುಳಿತು ಸೆರಗಿನಿಂದ ನೊಣ ಓಡಿಸತೊಡಗಿದರು.

ಹರಡಿದ ತೆನೆ ಇನ್ನೂ ಅರ್ಧ ಉಳಿದಿತ್ತು. ಒಕ್ಕಣೆಯನ್ನು ನಿಲ್ಲಿಸುವಂತಿರಲಿಲ್ಲ. ಮುನಿಯಪ್ಪನವರು ಎತ್ತುಗಳ ಹತ್ತಿರ ಹೋಗಿ, ಒಂದೊಂದರ ಕೊರಳಿನ ಗಂಟೆಯನ್ನೂ ಸದ್ದಾಗದ ಹಾಗೆ ಬಿಚ್ಚಿ, ಪಂಚೆಯ ಮಡಿಲಿಗೆ ಸಿಕ್ಕಿಸಿಕೊಂಡರು. ಆಮೇಲೆ ಎತ್ತುಗಳ ಬೆನ್ನು ಸವರಿ, ಬಾಯಲ್ಲಿ ಒಂದು ಮಾತೂ ಆಡದೆ, ಮಲಗಿದ್ದವರ ಸುತ್ತ ಗುಂಡನ್ನು ನಿಧಾನವಾಗಿ ಉರುಳಿಸತೊಡಗಿದರು.