ನಮ್ಮನೆಯವರು ಮತ್ತೆ ಟ್ರ್ಯಾಕಿಗೆ ಇಳಿದದ್ದು

ಬೇರೆಯವರ ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುವಂಥವು ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ನಡೆಯುತ್ತವೆ. ಕಾರಣ ಹುಡುಕುತ್ತ ಹೋದರೆ ಅದು ಕೊನೆಗೆ ನಮ್ಮನೆಯವರ ಹತ್ತಿರವೇ ಬಂದು ನಿಲ್ಲುತ್ತದೆ.

ಅವರು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್. ದಿನವಿಡೀ ಕಾದ ಕಬ್ಬಿಣದ ಎದುರು ನಿಲ್ಲುವ ಮನುಷ್ಯ ಮನೆಗೆ ಬಂದ ಮೇಲಾದರೂ ತಣ್ಣಗೆ ಕೂರಬೇಕಲ್ಲ? ಕೂರುವುದಿಲ್ಲ. ಹರೆಯದಲ್ಲಿ ಮೋಟಾರ್ ಸೈಕಲ್ ರೇಸಿಗೆ ಇಳಿಯುತ್ತಿದ್ದವರು. ನಮ್ಮ ಮದುವೆಯಾದ ವರ್ಷ, ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು, ಖಾನಾಪುರ ರಸ್ತೆಯ ಬಯಲಿನಲ್ಲಿ ನಡೆದ ರೇಸಿಗೆ ಹೊಸ ಹೆಂಡತಿಗೆ ಇಳಕಲ್ ಸೀರೆ ಉಡಿಸಿ ಕರೆದುಕೊಂಡು ಹೋದರು. ಕಡೆಯ ಸುತ್ತಿನಲ್ಲಿ, ಬಾವಿಯ ಬಾಜೂ ಇರುವ ತಿರುವಿನಲ್ಲಿ, ಗಾಡಿ ಸಮೇತ ಬಿದ್ದು ಹೆಗಲಿನ ಎಲುಬು ಮುರಿದುಕೊಂಡರು.

ಎಲುಬು ಕೂಡಿತು. ಬೀಗರ ಬಾಯಿ ಮಾತ್ರ ಮುಚ್ಚಲಿಲ್ಲ. ಯಾವ ಮದುವೆಗೆ ಹೋಗಲಿ, ಯಾವ ತೊಟ್ಟಿಲ ಕಾರ್ಯಕ್ಕೆ ಹೋಗಲಿ, "ಬರ್ರಿ ಅರ್ಧಾ ಸುತ್ತಿನ ಸಾಹೇಬ್ರ, ಕುಂದರ್ರಿ" ಎಂದೇ ಸ್ವಾಗತ. ಇವರು ವರ್ಷಗಟ್ಟಲೆ ನಕ್ಕು ಸಹಿಸಿದರು. ಎಂಬತ್ತರ ದಶಕದಲ್ಲಿ ಒಮ್ಮೆ, ಅದೇ ಬಯಲಿನಲ್ಲಿ ಮತ್ತೆ ರೇಸು ಎಂಬ ಸುದ್ದಿ ಬಂತು. ಊಟಕ್ಕೆ ಕೂತವರು ರೊಟ್ಟಿಯ ತುಣುಕನ್ನು ಕೈಯಲ್ಲೇ ಹಿಡಿದು ಹೇಳಿದರು: "ನಾ ಗೆಲ್ಲಾಕ ಹೊಂಟಿಲ್ಲ. ಮುಗಸಾಕ ಹೊಂಟೇನಿ. ಆ ಕಡೀ ಸುತ್ತು ಒಂದ್ ಪೂರಾ ಆದ್ರ ಸಾಕು."

ನಾನು ಬೇಡ ಎನ್ನಲಿಲ್ಲ. ಎಂದಿದ್ದರೆ ಮುಂದಿನ ಯಾವುದನ್ನೂ ನೋಡುವ ಭಾಗ್ಯ ನನಗೆ ಸಿಗುತ್ತಿರಲಿಲ್ಲ.

೧. ಭಾರ ಇಳಿಸಿದ್ದು

ರೇಸಿನ ಗಾಡಿ ಹಗುರವಾಗಿರಬೇಕಂತೆ. ನಮ್ಮದು ಆಗಲೇ ಸಂಸಾರಕ್ಕೆ ಒಗ್ಗಿಹೋದ ಫಟಫಟಿ. ಸಂತೆಯ ಚೀಲ, ಜೋಳದ ಹಿಟ್ಟಿನ ಡಬ್ಬಿ, ನಾನು, ಅತ್ತೆ, ಸರದಿಯ ಮೇಲೆ ಎಲ್ಲರೂ ಅದರ ಬೆನ್ನೇರಿದವರೇ. ಒಂದು ರವಿವಾರ ಬೆಳಿಗ್ಗೆ ಇವರು ಅಂಗಳದಲ್ಲಿ ಬೋಲ್ಟು ಬಿಚ್ಚುವ ಪಾನಾ ಹಿಡಿದು ಕೂತರು. ಕ್ಯಾರಿಯರ್ ಹೋಯಿತು, ಬಾಜೂ ಡಬ್ಬಿ ಹೋಯಿತು, ದೀಪ ಹೋಯಿತು. ಅತ್ತೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ನೋಡುತ್ತಿದ್ದರು.

"ತಮ್ಮಾ, ಸೀರಿ ಗಾರ್ಡ್ ತಗದ್ರ ಇಕಿ ಎಲ್ಲಿ ಕಾಲಿಡಬೇಕೋ?"

"ರೇಸಿನ್ಯಾಗ ಇಕಿ ಬರೂದಿಲ್ಲವ್ವ."

"ಮತ್ತ ಹಾರ್ನ್ ಯಾಕ ತಗದಿ?"

"ರೇಸಿನ್ಯಾಗ ಹಾರ್ನ್ ಹೊಡಿಯೂದಿಲ್ಲ."

"ಹಂಗಾರ ಮುಂದಿನಾವ ಬಾಜೂ ಸರಿಯೂದು ಹೆಂಗ?"

ಇವರು ಮುಂದಿನ ಬೋಲ್ಟಿಗೆ ಹೋದರು. ಸಂಜೆಯ ಹೊತ್ತಿಗೆ ಅಂಗಳದಲ್ಲಿ ಇನ್ನೊಂದು ಗಾಡಿ ಆಗುವಷ್ಟು ಕಬ್ಬಿಣ ಬಿದ್ದಿತ್ತು. ಗಾಡಿಯ ಹಿಂಭಾಗವನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿ, "ನೋಡ, ಹೂವಿನಂಗ ಆಗೇತಿ" ಎಂದು ಹಿಗ್ಗಿದರು.

ಇತ್ತ ಅತ್ತೆಯವರ ಲೆಕ್ಕ ಬೇರೆ. ಗಾಡಿಗೆ ಶಕ್ತಿ ಪೆಟ್ರೋಲಿನಿಂದ, ಮಗನಿಗೆ ಶಕ್ತಿ ಎಲ್ಲಿಂದ? ದಿನವೂ ಗೋಧಿ ಹುಗ್ಗಿ, ಮೇಲೆ ಬೆರಳು ಮುಳುಗುವಷ್ಟು ತುಪ್ಪ. "ಬ್ಯಾಡವ್ವ" ಎಂದು ಇವರೂ ದಿನಾ ಅನ್ನುತ್ತಿದ್ದರು, ತಟ್ಟೆಯನ್ನು ಮಾತ್ರ ಮುಂದೆಯೇ ಹಿಡಿದಿರುತ್ತಿದ್ದರು. ಹದಿನೈದು ದಿನ ಬಿಟ್ಟು ಇಂಜಿನ್ ನೋಡಲು ಬಂದ ಮಿಸ್ತ್ರಿ ಬಿಚ್ಚಿದ ಗಾಡಿಯನ್ನು ಸುತ್ತು ಹಾಕಿ ನೋಡಿದ. ಇವರು ಮೇಲೆ ಕೂತರು. ಹಿಂದಿನ ಸ್ಪ್ರಿಂಗು ನಿಟ್ಟುಸಿರು ಬಿಟ್ಟು ಕೆಳಗೆ ಕೂತಿತು. ಮಿಸ್ತ್ರಿ ಪಾನಾ ಒರೆಸುತ್ತ ಹೇಳಿದ: "ಗಾಡಿದು ಮುಗೀತ್ರಿ ಸಾಹೇಬ್ರ. ಇನ್ನ ಬಿಚ್ಚಬೇಕಾಗಿದ್ದು ನಿಮ್ಮನ್ನ."

೨. ಚರ್ಮದ ಪೋಷಾಕು

ಟ್ರಂಕಿನ ತಳದಿಂದ ಹಳೆಯ ಚರ್ಮದ ಅಂಗಿ, ಚರ್ಮದ ಪ್ಯಾಂಟು ಹೊರಬಂದವು. ಪ್ಯಾಂಟು ಮಂಡಿಯವರೆಗೆ ಸಲೀಸಾಗಿ ಏರಿತು. ಅಂಗಿಯ ಜಿಪ್ಪು ಹೊಟ್ಟೆಯ ಹತ್ತಿರ ಬಂದು, ಪರಿಸ್ಥಿತಿ ನೋಡಿ, ಅಲ್ಲೇ ನಿಂತಿತು.

ಟೇಲರ್ ಹತ್ತಿರ ಒಯ್ದರೆ, "ಚರ್ಮ ನಮ್ಮ ಕೆಲಸಲ್ರಿ" ಎಂದ. ಚಪ್ಪಲಿ ಹೊಲಿಯುವವನ ಹತ್ತಿರ ಒಯ್ದರೆ, "ಪ್ಯಾಂಟು ನಮ್ಮ ಕೆಲಸಲ್ರಿ" ಎಂದ. ಕೊನೆಗೆ ಬಜಾರಿನ ಮೂಲೆಯಲ್ಲಿ ಆಟೋಗಳ ಸೀಟಿನ ಕವರ್ ಹೊಲಿಯುವವನೊಬ್ಬ ಒಪ್ಪಿದ. ಅರ್ಧ ಮರಾಠಿ, ಅರ್ಧ ಕನ್ನಡ ಆಡುವ ಉತ್ಸಾಹಿ ಮನುಷ್ಯ. ಇವರನ್ನು ಹಿಂದೆ ಮುಂದೆ ತಿರುಗಿಸಿ, ಗೇಣು ಹಾಕಿ ಅಳೆದು, "ಫೋಮ್ ಹಾಕೂಣೇನ್ರಿ?" ಎಂದು ಕೇಳಿದ.

"ಹಾಕಪಾ. ಬಿದ್ರ ಪೆಟ್ಟು ಆಗಬಾರ್ದು," ಎಂದರು ಇವರು. ಅಲ್ಲಿಗೆ ಅವನಿಗೆ ಪೂರ್ಣ ಸ್ವಾತಂತ್ರ್ಯ ಸಿಕ್ಕಂತಾಯಿತು.

ಪೋಷಾಕು ತಯಾರಾಗಿ ಬಂತು. ಕರಿ ಚರ್ಮದ ಎರಡೂ ಬಗಲಿಗೆ ಕೆಂಪು ರೆಕ್ಸಿನ್, ಅಂಚಿಗೆ ಬಿಳಿ ಪೈಪಿಂಗ್, ಬೆನ್ನ ತುಂಬ ಚೌಕಳಿ ಹೊಲಿಗೆ, ಚೌಕಕ್ಕೊಂದು ಗುಂಡಿ. ಒಳಗೆ ಧಾರಾಳ ಫೋಮು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದೆ. ಅತ್ತೆಯವರಿಗೆ ಮಾತ್ರ ಬಹಳ ಸೇರಿತು. "ಚಲೋ ಐತಿ. ಥಂಡಿಗೂ ಆಗ್ತದ" ಎಂದರು.

ಅದನ್ನೇ ತೊಟ್ಟು ಇವರು ಗಾಡಿ ಓಡಿಸಿ ನೋಡಿಕೊಂಡು ಬರುತ್ತೇನೆಂದು ಓಣಿಯ ತುದಿಯವರೆಗೆ ಹೋದರು. ಅಲ್ಲಿ ಆಟೋ ಸ್ಟ್ಯಾಂಡು. ಡ್ರೈವರುಗಳು ಸುತ್ತ ನಿಂತರು. ಒಬ್ಬ ಹಿರಿಯ ಡ್ರೈವರ್ ಇವರ ಬೆನ್ನನ್ನು ಅಂಗೈಯಿಂದ ಒತ್ತಿ ನೋಡಿದ, ಬಿಟ್ಟ, ಮತ್ತೆ ಒತ್ತಿದ. ಅವನ ಮುಖ ಕೆಂಪಾಯಿತು.

"ಆ ಮೂಲ್ಯಾನ ಅಂಗಡ್ಯಾಗ ಹೊಲಿಸೀರೇನ್ರಿ?"

"ಹೂನ್ರಿ, ಯಾಕ?"

"ನಾನೂ ಅಲ್ಲೇ ಹೊಲಿಸೇನ್ರಿ. ನನ್ನ ಸೀಟಿಗೆ ಇದರ ಅರ್ಧಾನೂ ಫೋಮ್ ಹಾಕಿಲ್ಲ ನೋಡ್ರಿ ಆ ಮನಷ್ಯಾ!" ಎಂದವನೇ ಆಟೋ ಚಾಲೂ ಮಾಡಿ ಜಗಳಕ್ಕೆ ಹೊರಟುಹೋದ.

೩. ಹೆಲ್ಮೆಟ್ಟಿನೊಳಗಿನ ಬೀಗ

ಗೋವಾದ ಗೆಳೆಯನಿಗೆ ಹೇಳಿ ಗದ್ದದವರೆಗೂ ಮುಚ್ಚುವ ಹೆಲ್ಮೆಟ್ ತರಿಸಿದರು. ಹೇಳಿಕಳಿಸಿದ ಅಳತೆ ಹರೆಯದ್ದು. ವಯಸ್ಸಾದಂತೆ ತಲೆಯೂ ದಪ್ಪವಾಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಕುತ್ತಿಗೆಗೆ ಭಾರ ರೂಢಿಯಾಗಲಿ ಎಂದು ಒಂದು ಮುಂಜಾನೆ ಅದನ್ನು ಹಾಕಿಕೊಂಡು ಪೇಪರ್ ಓದುತ್ತ ಕೂತಿದ್ದರು. ಅವತ್ತೇ ನನ್ನ ನಾದಿನಿಯನ್ನು ನೋಡಲು ಖಾನಾಪುರದಿಂದ ಗಂಡಿನ ಕಡೆಯವರು ಬರುವವರಿದ್ದರು. ಮಧ್ಯಾಹ್ನದ ಬಸ್ಸಿಗೆ ಎಂದವರು ಮುಂಜಾನೆಯ ಬಸ್ಸಿಗೇ ಬಂದುಬಿಟ್ಟರು. ಹೆಲ್ಮೆಟ್ ತೆಗೆಯಲು ಹೋದರೆ ಬರಲೊಲ್ಲದು. ನಾನು ಮೇಲಿನಿಂದ ಜಗ್ಗಿದೆ, ಅತ್ತೆ ಹೆಗಲು ಹಿಡಿದು ಕೆಳಗೆ ಜಗ್ಗಿದರು. ಒಳಗಿನಿಂದ ಕಿವಿಯ ಬಗ್ಗೆ ಏನೋ ಕೂಗು ಕೇಳಿಸಿತು. ಅಷ್ಟರಲ್ಲಿ ಬೀಗರು ಹೊಸ್ತಿಲಿಗೆ ಬಂದಿದ್ದರು.

ಇವರು ಹಾಗೆಯೇ ಎದ್ದು ನಿಂತು ಕೈ ಮುಗಿದರು. ಗಂಡಿನ ತಂದೆ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಒಂದಿಷ್ಟೂ ಅಳುಕದೆ, "ನಮ್ಮ ತಮ್ಮಗ ಮುಂಜಾನಿ ಗಾಳಿ ಆಗಿಬರೂದಿಲ್ರಿ. ಕುಂದರ್ರಿ, ಕುಂದರ್ರಿ" ಎಂದರು.

ಮಾತುಕತೆ ಶುರುವಾಯಿತು. ಮದುವೆ ನಮ್ಮೂರಾಗ ಆಗಬೇಕು ಎಂದರು ಅವರು. ಹೆಲ್ಮೆಟ್ ಮುಂದಕ್ಕೆ ಬಾಗಿತು. ಶ್ರಾವಣದೊಳಗ ಆಗಬೇಕು. ಮತ್ತೆ ಬಾಗಿತು. ನಮ್ಮ ಕಡೀ ಮಂದಿ ಭಾಳ ಬರ್ತಾರ್ರಿ. ಅದು ಇನ್ನೂ ಆಳವಾಗಿ ಬಾಗಿತು. ಒಳಗಿದ್ದವರಿಗೆ ಒಂದಕ್ಷರ ಕೇಳಿಸುತ್ತಿರಲಿಲ್ಲ ಎಂಬುದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಅವರು ಹೋದ ಮೇಲೆ ಕೊಬ್ಬರಿ ಎಣ್ಣೆ ಸುರಿದು ತಲೆಯನ್ನು ಹೊರತೆಗೆದೆವು. ಸಂಜೆ ಮಧ್ಯಸ್ಥರು ನಗುತ್ತ ಬಂದರು. "ಹುಡುಗಿ ಪಸಂದ ಐತ್ರಿ. ಅದಕ್ಕಿಂತ ಹೆಚ್ಚು ಹುಡುಗಿ ಅಣ್ಣ ಪಸಂದ ಆಗ್ಯಾರ. ಒಂದ್ ಮಾತು ಎದುರು ಆಡ್ಲಿಲ್ಲಂತ. ಇಂಥಾ ಬೀಗರು ಈಗಿನ ಕಾಲದಾಗ ಎಲ್ಲಿ ಸಿಗ್ತಾರ್ರಿ?"

೪. ದೂಡುವ ಅಭ್ಯಾಸ

ಆ ರೇಸಿನ ಪದ್ಧತಿ ಎಂದರೆ ಇಂಜಿನ್ ಬಂದ್ ಇರಬೇಕು. ಸೀಟಿ ಊದಿದ ಕೂಡಲೇ ಗಾಡಿಯನ್ನು ದೂಡುತ್ತ ಓಡಿ, ಅದು ಚಾಲೂ ಆದೊಡನೆ ಜಿಗಿದು ಕೂರಬೇಕು. ಇದರ ಅಭ್ಯಾಸಕ್ಕೆ ಇವರು ಸಂಜೆ ಹೊತ್ತು ಮನೆಯ ಮುಂದಿನ ರಸ್ತೆಯನ್ನು ಆರಿಸಿಕೊಂಡರು. ಬೆಳಗಾವಿಯಲ್ಲಿ ಒಬ್ಬ ಮನುಷ್ಯ ಗಾಡಿ ದೂಡುವುದನ್ನು ಇನ್ನೊಬ್ಬ ನೋಡುತ್ತ ನಿಲ್ಲುವುದಿಲ್ಲ ಎಂಬುದು ಅವರಿಗೆ ಆ ಕ್ಷಣ ನೆನಪಾಗಲಿಲ್ಲ.

ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಕಪ್ಪು ಬಿಟ್ಟು ಓಡಿ ಬಂದರು.

"ಕುಂದರ್ರಿ ಸಾಹೇಬ್ರ, ನಾವು ದೂಡ್ತೇವಿ."

"ಬ್ಯಾಡ್ರಿ, ನಾನ ದೂಡಬೇಕು."

"ನಾವಿದ್ದು ನೀವು ದೂಡೂದಂದ್ರೇನ್ರಿ!"

ಬಲವಂತವಾಗಿ ಕೂರಿಸಿ ದೂಡಿದರು. ಗಾಡಿ ಚಾಲೂ ಆಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಇವರು ತಿರುಗಿ ಬಂದು ಇಂಜಿನ್ ಬಂದ್ ಮಾಡಿ ಮತ್ತೆ ದೂಡತೊಡಗಿದರು.

"ಅಯ್ಯ, ಮತ್ತ ಬಂದ್ ಬಿತ್ತಲ್ರಿ!"

"ಬಿದ್ದಿಲ್ರಿ, ನಾನ ಬಂದ್ ಮಾಡೇನಿ."

ಇದನ್ನು ಯಾರೂ ನಂಬಲಿಲ್ಲ. ಪಾಪ, ಮರ್ಯಾದೆಗೆ ಹೇಳುತ್ತಾರೆ ಎಂದುಕೊಂಡರು. ಬ್ಯಾಂಕಿನ ಕ್ಲಾರ್ಕರೊಬ್ಬರು ಕಾರ್ಬೊರೇಟರಿನಲ್ಲಿ ಕಚರಾ ಇದೆ ಎಂದರು. ಪಕ್ಕದ ಮನೆಯ ಮರಾಠಿ ಕಾಕಾ ಪ್ಲಗ್ ಹೋಗಿದೆ ಎಂದರು. ನಿವೃತ್ತ ಮಾಸ್ತರರು ಟಾಕಿಯ ಮುಚ್ಚಳ ತೆಗೆದು ಮೂಸಿ, ಪೆಟ್ರೋಲೇ ಸರಿ ಇಲ್ಲ ಎಂದರು. ಯಾರೋ ಪಾನಾ ತಂದರು. ಯಾರೋ ಓಣಿಯ ಆ ತುದಿಯ ಕಟ್ಟೆಯ ಮೇಲೆ ಪೇಪರ್ ಹಾಸಿದರು. ಹೊತ್ತು ಮುಳುಗುವಷ್ಟರಲ್ಲಿ ಪ್ಲಗ್ಗು, ಪಾಯಿಂಟು, ಕಾರ್ಬೊರೇಟರು ಎಲ್ಲ ಪೇಪರಿನ ಮೇಲೆ ಸಾಲಾಗಿ ಕೂತಿದ್ದವು. ಮತ್ತೆ ಜೋಡಿಸಿ, ಕೈ ಒರೆಸಿಕೊಂಡು, "ಈಗ ನೋಡ್ರಿ ಹೆಂಗ ಓಡ್ತದ" ಎಂದು ಹೇಳಿ ಎಲ್ಲರೂ ಮನೆಗೆ ಹೋದರು.

ಆಮೇಲೆ ಅದು ಖರೇನೇ ಚಾಲೂ ಆಗಲಿಲ್ಲ. ಓಣಿಯ ಆ ತುದಿಯಿಂದ ಮನೆಯವರೆಗೆ ಇವರೊಬ್ಬರೇ ದೂಡಿಕೊಂಡು ಬಂದರು. ಅವತ್ತು ಅಭ್ಯಾಸ ಮಾತ್ರ ಭರ್ಜರಿಯಾಗಿ ಆಯಿತು.

೫. ಕಡೆಯ ಸುತ್ತು

ರೇಸಿನ ದಿನ ಬಂತು. ಸುಗ್ಗಿ ಮುಗಿದು ಖಾಲಿ ಬಿದ್ದಿದ್ದ ಅದೇ ಬಯಲು, ಕೆಂಪು ಧೂಳು, ಸುಣ್ಣದ ಗೆರೆ ಎಳೆದ ದುಂಡನೆಯ ದಾರಿ, ದೂರದಲ್ಲಿ ಅದೇ ಬಾವಿ. ಬೀಗರೆಲ್ಲ ಹಾಜರು. ಬುತ್ತಿ ಕಟ್ಟಿಕೊಂಡು ಬಂದಿದ್ದರು. ಬಾವಿ ಸರಿಯಾಗಿ ಕಾಣುವ ಜಾಗ ಹಿಡಿದು ಕೂತಿದ್ದರು.

ನನ್ನ ಬಾಜೂ ನನ್ನ ಸೋದರಮಾವ ನಿಂತಿದ್ದ. ಜಾಂಬೋಟಿ ಕಡೆ ಭತ್ತದ ಗದ್ದೆ ಮಾಡಿಕೊಂಡಿರುವ ಹಿರಿಯ. ಪೇಟೆಗೆ ಏನೋ ಕೆಲಸಕ್ಕೆ ಬಂದವನು, ಅಳಿಯ ಫಟಫಟಿ ಹೊಡೆಯುತ್ತಾನಂತೆ ಎಂದು ಕೇಳಿ, ಧೋತರ ಉಟ್ಟು, ಕೊಡೆ, ಚೀಲ ಹಿಡಿದು ಬಂದಿದ್ದ. ಖಾನಾಪುರಕ್ಕೆ ಹೋಗಿ ಅಲ್ಲಿಂದ ಸಂಜೆಯ ಜಾಂಬೋಟಿ ಬಸ್ಸು ಹಿಡಿಯಬೇಕು ಎಂಬುದೊಂದೇ ಅವನ ಚಿಂತೆ. ರೇಸು ಎಂಬುದನ್ನು ಜನ್ಮದಲ್ಲಿ ನೋಡಿದವನಲ್ಲ.

"ಇವರೆಲ್ಲಾ ಎಲ್ಲಿಗೆ ಹೊಂಟಾರವ್ವ?"

"ಎಲ್ಲಿಗೂ ಇಲ್ಲ ಮಾಮಾ. ಸುತ್ತು ಹಾಕ್ತಾರ."

"ಎಲ್ಲಿಗೂ ಇಲ್ಲಂದ ಮ್ಯಾಲ ಇಷ್ಟು ಅವಸರ ಯಾಕ?"

ಅರ್ಥಶಾಸ್ತ್ರದಲ್ಲಿ ಪದವಿ ಪಡೆದ ನಾನು ಚೀಲದಿಂದ ಚುರಮುರಿ ತೆಗೆದು ಮಾವನ ಕೈಗಿಟ್ಟೆ.

ರೇಸು ಶುರುವಾಗಿ, ಇವರ ಜೊತೆ ಇಳಿದಿದ್ದ ಹರೆಯದ ಹುಡುಗರು ಒಬ್ಬೊಬ್ಬರಾಗಿ ಮುಗಿಸಿ ಗಾಡಿ ನಿಲ್ಲಿಸಿದರು. ಟ್ರ್ಯಾಕಿನ ಮೇಲೆ ಉಳಿದವರು ನಮ್ಮವರೊಬ್ಬರೇ. ಬೆನ್ನಿನ ಗುಂಡಿಗಳು ಬಿಸಿಲಿಗೆ ಫಳಫಳ. ಗೆರೆ ದಾಟಿದರು. ಇನ್ನು ಒಂದೇ ಸುತ್ತು, ಆ ಕಡೆಯ ಸುತ್ತು. ಬೀಗರು ಎದ್ದು ನಿಂತು ಬಾವಿಯ ಕಡೆ ಕುತ್ತಿಗೆ ಚಾಚಿದರು. ಮಾವನಿಗೆ ಏನೋ ಹೇಳೋಣ ಎಂದು ತಿರುಗಿದರೆ ಮಾವ ಇಲ್ಲ.

ಮಾವ ಟ್ರ್ಯಾಕಿನ ಮೇಲಿದ್ದ. ಎಲ್ಲರೂ ನಿಲ್ಲಿಸಿದ ಮೇಲೂ ಅಳಿಯ ಮುಂದೆ ಹೊರಟಿದ್ದಾನೆ ಎಂದರೆ ಊರ ಕಡೆಗೇ ಹೊರಟಿರಬೇಕು ಎಂದು ಅವನ ಅಂದಾಜು. ಆ ಗೆರೆಯ ತುಸು ಆಚೆ ನಿಂತು, ಬಸ್ಸಿಗೆ ಕೈ ಮಾಡುವ ಹಾಗೆ ಕೊಡೆ ಎತ್ತಿ ಕೂಗಿದ: "ಏ ಅಳಿಯಾ, ತಡೀ! ನಾನೂ ಬರ್ತೇನಿ!"

ಇವರು ಬ್ರೇಕ್ ಹಾಕಿದರು. ನಾನು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಮಾವ ಹಿಂದೆ ಏರಿ ಕೂತಾಗಿತ್ತು. ಕಾಲಿಡಲು ಜಾಗವಿಲ್ಲದೆ ಎರಡೂ ಕಾಲು ಮುಂದಕ್ಕೆ ಚಾಚಿ, ಒಂದು ಕೈಯಲ್ಲಿ ಅಳಿಯನ ಸೊಂಟ, ಇನ್ನೊಂದರಲ್ಲಿ ಕೊಡೆ ಹಿಡಿದಿದ್ದ. ಗಾಡಿ ಹೊರಟಿತು.

ಬಾವಿಯ ತಿರುವು ಬಂತು. ಹಿಂದೆ ಹೆಂಡತಿಯ ಸೋದರಮಾವನನ್ನು ಕೂರಿಸಿಕೊಂಡ ಗಂಡಸು ಯಾವ ಧೈರ್ಯದ ಮೇಲೆ ಗಾಡಿ ವಾಲಿಸುತ್ತಾನೆ? ತುಂಬಿದ ಕೊಡ ಹೊತ್ತ ಹೆಂಗಸಿನ ಹಾಗೆ ನೆಟ್ಟಗೆ, ನಿಧಾನಕ್ಕೆ, ತಿರುವು ದಾಟಿಸಿದರು. ಧೋತರ ಬಾವುಟದ ಹಾಗೆ ಹಾರುತ್ತಿತ್ತು. ಹಾಗೆಯೇ ಬಂದು ಗೆರೆ ದಾಟಿದರು. ಜನ ಕೂಗಿದ ಕೂಗಿಗೆ ಬಾವಿಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಹೋದವು.

"ಇದು ನಡಿಯೂದಿಲ್ರಿ!" ಎಂದು ಬೀಗರೊಬ್ಬರು ತಕರಾರು ತೆಗೆದರು. ರೇಸು ನಡೆಸುವವರು ತಲೆ ಕೆರೆದುಕೊಂಡರು. "ಹಿಂದ ಮಂದಿನ್ನ ಕುಂದರಸಬಾರ್ದು ಅಂತ ನಾವೇನ್ ಹೇಳಿಲ್ರಿ. ಹಿಂಗೂ ಆಗ್ತದಂತ ಯಾರಿಗೆ ಗೊತ್ತಿತ್ತು? ಸುತ್ತು ಪೂರಾ ಆಗೇತಿ. ಮುಗೀತು." ಬೀಗರು ಬುತ್ತಿ ಕಟ್ಟತೊಡಗಿದರು.

ನಾನು ಓಡಿ ಹೋಗಿ ಕೇಳಿದೆ: "ಅಲ್ರೀ, ಆ ಹೊತ್ತಿನ್ಯಾಗ ಗಾಡಿ ಯಾಕ ನಿಲ್ಸಿದ್ರಿ?"

ಇವರು ಎಣ್ಣೆ ಹಚ್ಚಿದ ತಲೆಯಿಂದ ಹೆಲ್ಮೆಟ್ ಜಾರಿಸಿ ತೆಗೆದು, ಧೂಳಿನ ಮುಖದಲ್ಲಿ ಹಲ್ಲು ತೋರಿಸಿದರು. "ನಿಮ್ಮ ಮಾಮಾ ಕೈ ಮಾಡಿದಾಗ ನಿಲ್ಸದ ಹೋಗಿದ್ರ ನೀ ನನ್ನ ಮನಿಯೊಳಗ ಕರಕೋತಿದ್ದೇನು?"

ಅದೂ ಖರೇ. ಅಷ್ಟರಲ್ಲಿ ಫೌಂಡ್ರಿಯ ಹುಡುಗರು ಬಂದು ಇವರನ್ನು ಹೆಗಲ ಮೇಲೆ ಎತ್ತಿ ಕುಣಿಯತೊಡಗಿದರು. ಎಲ್ಲರೂ ನಗುತ್ತಿದ್ದರು. ಮಾವ ಒಬ್ಬನೇ ದೂರ ನಿಂತು, ಧೋತರದ ಧೂಳು ಕೊಡವುತ್ತ, ಮುಖ ಗಂಟು ಹಾಕಿಕೊಂಡಿದ್ದ.

"ಯಾಕ ಮಾಮಾ, ಅಂಜಿದೇನು?"

"ಅಂಜೂದ್ ಯಾಕವ್ವ? ಅಳಿಯ ಗಾಡಿ ಚಲೋ ಹೊಡಿತಾನ," ಎಂದ ಮಾವ, ಖಾನಾಪುರದ ಕಡೆ ನೋಡುತ್ತ. "ಆದ್ರ ಅಷ್ಟು ದೂರ ಕರಕೊಂಡು ಹೋಗಿ, ನಾ ಎಲ್ಲಿ ಹತ್ತಿದ್ನೋ ಮತ್ತ ಅಲ್ಲೇ ತಂದು ಇಳಿಸ್ಯಾನ!"