ಗಂಡನ ತಲಿ ಮ್ಯಾಲಿನ ಹಸಿರು ದೀಪ

ನಗಬಾರದ ಹೊತ್ತಿನ್ಯಾಗ ನಗು ಬರೂದು ನಮ್ಮ ಮನಿಗೆ ಅಂಟಿದ ರೋಗ. ನಮ್ಮನಿಯವ್ರು ಒಣದ್ರಾಕ್ಷಿ ಶೆಡ್ಡಿನ ಮ್ಯಾಲಿಂದ ಬಿದ್ದು, ನಡಾ ಮುರಕೊಂಡು ಹಾಸಿಗಿ ಹಿಡದ ಮ್ಯಾಲಂತೂ ಅದು ಜಾಸ್ತಿನ ಆಗೇತಿ.

೧. ಪಾಸ್‌ವರ್ಡ್

ವಿಜಯಪುರದ ಸ್ಕ್ಯಾನಿಂಗ್ ಸೆಂಟರಿನ್ಯಾಗ ಡಾಕ್ಟರ್ ಹೇಳಿದ ರಿಪೋರ್ಟ್ ಟೈಪ್ ಮಾಡೂದು ನನ್ನ ಕೆಲಸ. ಗಂಡನ ಮಗ್ಗಲಾ ಎರಡು ತಾಸಿಗೊಮ್ಮೆ ಬದಲಿಸಬೇಕು, ಇಲ್ಲಾಂದ್ರ ಬೆನ್ನಿಗೆ ಹುಣ್ಣಾಕ್ಕಾವ. ನಮ್ಮತ್ತಿ ಕೈಲೆ ಅದು ಆಗೂದಿಲ್ಲ. "ಟಿಕೋಟಾದ ನಮ್ಮ ಮನಿಯಿಂದನ ಮಾಡ್ತೇನ್ರಿ ಸರ್" ಅಂತ ಡಾಕ್ಟರಿಗೆ ಕೈ ಮುಗದೆ. ಅವರು ಒಪ್ಪಿದ್ರು. "ಆದ್ರ ಇಂಟರ್ನೆಟ್ ಲೈನ್ ಕೈಕೊಟ್ಟು ಒಂದು ರಿಪೋರ್ಟ್ ತಡಾ ಆತಂದ್ರೂ ನೀವು ಇಲ್ಲೇ ಬರಬೇಕು ನೋಡ್ರಿ" ಅಂದ್ರು.

ಸೆಂಟರಿನ ಕಂಪ್ಯೂಟರ್ ಮೆಕ್ಯಾನಿಕ್ ಬಂದು ನಮ್ಮ ರೌಟರಿನ್ಯಾಗ ವಿಪಿಎನ್ ಕೂಡಿಸಿದ. ಅಂದ್ರ ನಮ್ಮ ಪಡಸಾಲಿಯಿಂದ ಆಫೀಸಿನ ಕಂಪ್ಯೂಟರಿಗೆ, ಬ್ಯಾರೆ ಯಾರೂ ಇಣುಕಲಾರದಂಥ ದಾರಿ. ವೈರು ಮಂಚದ ತನಕ ಅಷ್ಟ ಮುಟ್ಟಿತು. ಅದಕ್ಕ ಗಂಡನ ತಲಿ ಮ್ಯಾಲೇ ಮೊಳೆ ಹೊಡದು ರೌಟರ್ ತೂಗಹಾಕಿದ. ಬಿದ್ದಾಗಿಂದ ಅವರು ಗ್ವಾಡಿ ಕಡೆ ಮುಖಾ ಮಾಡಿ ಮಲಗತಿದ್ರು.

"ಪಾಸ್‌ವರ್ಡ್ ಏನಿಡ್ಲಿರಿ? ಯಾರಿಗೂ ಗೊತ್ತಿರಬಾರದು" ಅಂದ ಮೆಕ್ಯಾನಿಕ್.

ನಮ್ಮತ್ತಿ ಮೂಲ್ಯಾಗ ಕುಂತು ಅಂದ್ಳು: "ನನ್ನ ಹೆಸರಿಡಪಾ. ನಮ್ಮ ಯಜಮಾನ್ರು ತೀರಿಕೊಂಡಾಗಿಂದ ಅದನ್ನ ಒಬ್ಬರೂ ಕರದಿಲ್ಲ."

೨. ಮಾತಾಡ್ಸಾಕ ಬಂದವ್ರು

ಹಾಸಿಗಿ ಹಿಡದವ್ರನ್ನ ಮಾತಾಡ್ಸಾಕ ಬರೂದು ನಮ್ಮ ಕಡೆ ಬಿಡಲಾರದ ಪದ್ಧತಿ. ಬಬಲೇಶ್ವರದಿಂದ ನಮ್ಮನಿಯವ್ರ ಕಾಕಿ ಬ್ರೆಡ್ಡು, ಬಿಸ್ಕಿಟ್ ಹಿಡಕೊಂಡು ಬಂದ್ಳು. ರೌಟರಿನ ನಾಕು ಹಸಿರು ದೀಪ ನೋಡಿದಾಕಿನ, "ದವಾಖಾನಿ ಮಷಿನ್ ಮನಿಗೇ ತಂದೀರಿ? ಛಲೋ ಆತು" ಅಂದ್ಳು.

"ಅಲ್ರೀ ಕಾಕಿ, ಅದು ನನ್ನ ಕೆಲಸದ್ದು" ಅಂದೆ.

ಕಾಕಿ ನನ್ನ ಕಿವ್ಯಾಗ ಹೇಳಿದ್ಳು: "ನಂಗ ತಿಳಿತೈತವ್ವಾ. ಜಡ್ಡಿನವರ ಮುಂದ ಖರೆ ಹೇಳಬಾರದು."

ಅಲ್ಲಿಂದ ಮುಂದ ಬಂದವ್ರು ಒಬ್ಬರೂ ಗಂಡನ ಮುಖಾ ನೋಡಲಿಲ್ಲ. ದೀಪ ಎಣಿಸಿ, "ನಾಕೂ ಹಸಿರು ಅದಾವ, ಆರಾಮ ಅದಾನ" ಅಂತ ತಾವು ತಂದ ಬಿಸ್ಕಿಟ್ ತಾವ ತಿಂದು ಹೋಗತಿದ್ರು.

೩. ಕೆಂಪು ದೀಪ

ಒಂದಿನ ಮಧ್ಯಾಹ್ನ ಡಾಕ್ಟರ್ ಫೋನ್ ಮಾಡಿದ್ರು. "ಪೇಶಂಟ್ ಆಪರೇಷನ್ ಟೇಬಲ್ ಮ್ಯಾಲ ಅದಾಳ. ಹತ್ತು ಮಿನಿಟಿನ್ಯಾಗ ರಿಪೋರ್ಟ್ ಬೇಕು." ಅರ್ಧಾ ಟೈಪ್ ಮಾಡಿದ್ದೆ, ನಾಕನೇ ದೀಪ ಕೆಂಪಾತು. ವಿಪಿಎನ್ ಕಟ್. ಮೆಕ್ಯಾನಿಕ್‌ಗೆ ಫೋನ್ ಹಚ್ಚಿದ್ರ, "ರೌಟರ್ ಬಂದ್ ಮಾಡಿ ಚಾಲೂ ಮಾಡ್ರಿ" ಅಂದ.

ಪಡಸಾಲಿ ತುಂಬ ಹೆಣಮಕ್ಕಳು. ಕಾಕಿ ಕಳ್ಳಕವಟಗಿ ಊರಿನ ಬೀಗರನ್ನೂ ಕರಕೊಂಡು ಬಂದಿದ್ಳು. ನಾ ಸ್ವಿಚ್ಚಿಗೆ ಕೈ ಹಾಕಿದೆ. ಕಾಕಿ ಗಪ್ಪನ ರಟ್ಟಿ ಹಿಡದ್ಳು. "ಸೇವಾ ಮಾಡಿ ಬ್ಯಾಸರಾಗಿದ್ರ ಹೇಳಬೇಕಿತ್ತು, ನಾವು ಒಯ್ತಿದ್ವಿ! ಹಿಂಗ ಜೀವಾ ತಗಿಯೂದು?"

ಇವತ್ತು ತಡಾ ಆದ್ರ ನಾಳಿಯಿಂದ ನಾ ವಿಜಯಪುರಕ್ಕ, ಗಂಡನ ಬೆನ್ನಿಗೆ ಹುಣ್ಣು. ಕೈ ಕೊಸರಿಕೊಂಡು ಸ್ವಿಚ್ ಒತ್ತಿದೆ.

ದೀಪ ಎಲ್ಲಾ ಆರಿದ್ವು. ನಮ್ಮನಿಯವ್ರ ಕುತ್ತಿಗಿ ಪಟಕ್ಕನ ವಾಲಿತು.

"ಅಯ್ಯಯ್ಯೋ ತಮ್ಮಾ! ನನಗಿಂತ ಮೊದಲ ಹೋದ್ಯಾ!" ಕಾಕಿ ಎದಿ ಬಡಕೊಂಡ್ಳು. ಬೀಗರೂ ದನಿ ಕೂಡಿಸಿದ್ರು. ಓಣಿ ಮಂದಿ ಓಡಿ ಬಂತು. ನಾನೂ ಮಂಚದ ಕಡೆ ಒಂದು ಹೆಜ್ಜಿ ಇಟ್ಟೆ, ಆದ್ರ ಆ ಟೇಬಲ್ ಮ್ಯಾಲ ಮಲಗಿದಾಕಿನೂ ಯಾರದೋ ಮಗಳು. ಸ್ವಿಚ್ ಚಾಲೂ ಮಾಡಿದೆ. ಲೈನ್ ಕೂಡಿತು. ಅಳೂ ಗದ್ದಲದಾಗನ ಉಳದದ್ದು ಟೈಪ್ ಮಾಡಿ ಕಳಿಸಿದೆ.

ತಲಿ ಎತ್ತಿ ನೋಡಿದ್ರ ನಾಕೂ ದೀಪ ಹಸಿರು. ನಮ್ಮನಿಯವ್ರು ಒಂದು ಕಣ್ಣು ತಗದು, "ಕಾಕಿ, ಚಾ ಕುಡಿತೀಯೇನ?" ಅಂದ್ರು. ಕಾಕಿ ಅಲ್ಲೇ ಕುಸದು ಕುಂತ್ಳು.

"ಟೈಮಿಗೆ ಬಂತು" ಅಂತ ಡಾಕ್ಟರ್ ಫೋನ್ ಬಂತು. ಮಂದಿ ಎಲ್ಲಾ ಹೋದ ಮ್ಯಾಲ ನಮ್ಮನಿಯವ್ರ ಮಗ್ಗಲಾ ಬದಲಿಸಾಕ ಹೋದೆ. ಗ್ವಾಡಿ ಕಡೆ ತಿರಗಲಿಲ್ಲ, ನನ್ನನ್ನ ನೋಡಿದ್ರು.

"ಎಲ್ಲಾರೂ ಅತ್ತರು. ನೀ ಒಬ್ಬಾಕಿನ ಅಳಲಿಲ್ಲ" ಅಂದ್ರು.

"ರಿಪೋರ್ಟ್ ಕಳಿಸಿ ಆಮ್ಯಾಲ ಅಳೂಣಂತ ಇದ್ನ್ರಿ" ಅಂದೆ.