ನಾನು ಹತ್ತದ ಮ್ಯಾಟರ್‌ಹಾರ್ನ್

ಸುಳ್ಳು ಹೇಳಲು ಧೈರ್ಯ ಬೇಕು. ಬೇರೆಯವರು ನಮ್ಮ ಪರವಾಗಿ ಹೇಳಿದ ಸುಳ್ಳನ್ನು ತಿದ್ದದೆ ಕೂರುವುದಕ್ಕೆ ಏನೂ ಬೇಡ. ಇಂಗ್ಲಿಷರ ನಾಡಿನ ಹ್ಯಾರೋದಲ್ಲಿರುವ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಫೋಟೋ ಇದೆ. ಸೀರೆಯ ಮೇಲೆ ಓವರ್‌ಕೋಟು ತೊಟ್ಟ ನಾನು, ಕೈಯಲ್ಲಿ ಹಿಮಬೆಟ್ಟ ಹತ್ತುವವರ ಐಸ್ ಆಕ್ಸ್, ಬೆನ್ನ ಹಿಂದೆ ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ಶಿಖರ. ಆಕ್ಸ್ ಫೋಟೋ ತೆಗೆದವನದು. ನಾನು ಹೋಗಿದ್ದು ಎದುರಿನ ಗುಡ್ಡಕ್ಕೆ, ಅದೂ ರೈಲಿನಲ್ಲಿ, ಮೊಸರನ್ನದ ಡಬ್ಬಿ ಸಮೇತ. ಡಾಕ್ಟರಾಗಿದ್ದ ನಮ್ಮ ಯಜಮಾನರು ಬಂದವರಿಗೆಲ್ಲ, "ನಮ್ಮನೆಯವಳು ಹತ್ತಿ ಇಳಿದ ಬೆಟ್ಟ ಕಣ್ರೀ" ಎನ್ನುತ್ತಿದ್ದರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಅವರು ತೀರಿಕೊಂಡ ಮೇಲೆ, ಅದು ತಮಾಷೆ ಎಂದು ಗೊತ್ತಿದ್ದವಳು ನಾನೊಬ್ಬಳೇ ಉಳಿದೆ.

ಹೋದ ತಿಂಗಳು ಮಗಳ ಮಗಳು ಅನಿಕಾ ಆ ಫೋಟೋವನ್ನು ಸ್ಕೂಲಿಗೆ ಒಯ್ದಳು. ಒಂಬತ್ತು ವರ್ಷದ ಹುಡುಗಿ, ಅಜ್ಜಿ ಎಂದರೆ ಹೆಮ್ಮೆ. ಟೀಚರ್ ನನ್ನನ್ನು ಮಾತಾಡಲು ಕರೆದರು. ನಿಜ ಹೇಳಿದರೆ ಮಗುವಿನ ಮುಖ ಸಣ್ಣದಾಗುತ್ತದಲ್ಲ ಎಂದು ಲೈಬ್ರರಿಯ ಪುಸ್ತಕ ತಂದು ಒಂದು ವಾರ ಓದಿದೆ. ನಾಲ್ಕು ದಿಕ್ಕಿಗೆ ನಾಲ್ಕು ಮುಖ, ಶಿಖರದ ಮೇಲೇ ಗಡಿ, ಈ ಕಡೆ ಸ್ವಿಟ್ಜರ್ಲೆಂಡ್, ಆ ಕಡೆ ಇಟಲಿ. ಮೊದಲು ತುದಿ ಮುಟ್ಟಿದವರು ಏಳು ಜನ. ಇಳಿಯುವಾಗ ಹಗ್ಗ ಹರಿದು ನಾಲ್ವರು ಬಿದ್ದು ಸತ್ತರು. ಅಂಥವರ ಸಾಲಿನಲ್ಲಿ ಮೊಸರನ್ನದ ಡಬ್ಬಿಯವಳು ನಿಲ್ಲುವುದೇ? ಬೆಟ್ಟದ ವಿಷಯವಷ್ಟೇ ಹೇಳಿ ಜಾರಿಕೊಳ್ಳೋಣ ಎಂದುಕೊಂಡೆ.

ಎಲ್ಲ ಚೆನ್ನಾಗಿಯೇ ನಡೆಯಿತು. ಕೊನೆಯಲ್ಲಿ ಕನ್ನಡಕದ ಹುಡುಗಿಯೊಬ್ಬಳು ಕೈಯೆತ್ತಿ, ನೀವು ಹತ್ತಿದ್ದು ಸ್ವಿಸ್ ಕಡೆಯಿಂದಲೋ ಇಟಲಿ ಕಡೆಯಿಂದಲೋ ಎಂದು ಕೇಳಿದಳು. ನಾನು ಬಾಗಿಲ ಕಡೆ ನೋಡಿದೆ. ಆಗ ಅನಿಕಾ ಎದ್ದು ನಿಂತು ಗಂಭೀರವಾಗಿ, "ನೋ ಮೋರ್ ಕ್ವೆಶ್ಚನ್ಸ್, ಪ್ಲೀಸ್. ಸಮ್ ಆಫ್ ಹರ್ ಫ್ರೆಂಡ್ಸ್ ಫೆಲ್" ಎಂದಳು. ಕ್ಲಾಸಿಗೆ ಕ್ಲಾಸೇ ತಲೆತಗ್ಗಿಸಿತು. ಟೀಚರ್ ನನ್ನ ಕೈ ಹಿಡಿದುಕೊಂಡರು. ಹುಟ್ಟೇ ಇರದ ಆ ಗೆಳತಿಯರಿಗಾಗಿ ನಾನೂ ತಲೆತಗ್ಗಿಸಿದೆ. ಹೇಳಲು ನಾಚಿಕೆ, ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಬಸ್ಸಿನಲ್ಲಿ ಕೇಳಿದೆ, "ಯಾಕೇ ಪುಟ್ಟಿ ಹಾಗಂದೆ?"

"ಅಜ್ಜಿ, ಫೋಟೋದಲ್ಲಿ ಮೌಂಟನ್ ಈಸ್ ಬಿಹೈಂಡ್ ಯೂ. ಯೂ ಕಾಂಟ್ ಬಿ ಆನ್ ಇಟ್."

"ಗೊತ್ತಿದ್ದೂ ಸುಳ್ಳು ಹೇಳಿದ್ಯಾ?"

"ಯೂ ಲುಕ್ಡ್ ಸೋ ಸ್ಕೇರ್ಡ್."

ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಹತ್ತು ವರ್ಷ ಕಲಿತವಳು ನಾನು. ಸುಳ್ಳು ಎಷ್ಟು ದೊಡ್ಡ ಪಾಪ ಎಂದು ತಿಳಿಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು, "ನಿಮ್ಮಮ್ಮನಿಗೆ ಹೇಳ್ಬೇಡ ಕಣೇ, ಚಾಕೊಲೇಟ್ ಕೊಡಿಸ್ತೀನಿ."